ಹವಾಮಾನ ಮಾಪನದ ಸಾಧಕಿ ಅನ್ನಾ ಮಣಿ

ಮಳೆ, ಬಿಸಿಲು, ಗಾಳಿಗಳ ನಡೆಯನ್ನು ಮುಂಚಿತವಾಗಿ ಅರಿಯಬೇಕೆಂಬ ಹಂಬಲ ಬೇಸಾಯದಷ್ಟೇ ಪ್ರಾಚೀನವಾದುದು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರೈತನಿಗಂತೂ ಇದು ದಿನನಿತ್ಯದ ಚಿಂತೆ. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಬಂದ ಮೇಲೆ ಇಲ್ಲಿನ ರಾಗಿಯ ಹೊಲಗಳು ಭತ್ತದ ಗದ್ದೆಗಳಾದವು, ಕಬ್ಬಿನ ತೋಟಗಳಾದವು. ಆದರೂ ಆಕಾಶದ ಹಂಗು ತಪ್ಪಲಿಲ್ಲ. ಕೊಡಗಿನಲ್ಲಿ ಮುಂಗಾರು ಕೈಕೊಟ್ಟರೆ ಕನ್ನಂಬಾಡಿ ಕಟ್ಟೆ ತುಂಬುವುದಿಲ್ಲ. ಕಟ್ಟೆ ತುಂಬದಿದ್ದರೆ ನಾಲೆಯ ಕೊನೆಯ ಭಾಗದ ಗದ್ದೆಗಳಿಗೆ ನೀರು ಮುಟ್ಟುವುದಿಲ್ಲ.

ಇದೇ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಕುಟುಂಬಗಳೂ ಅನೇಕ. ಅವರಿಗೆ ಹೊರಗಿನ ಹವೆಗಿಂತ ಹುಳುಮನೆಯ ಒಳಗಿನ ಹವೆಯೇ ಮುಖ್ಯ. ಚಾಕಿ ಹಂತದ ಎಳೆಯ ಹುಳುಗಳಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ಹೆಚ್ಚಿನ ತೇವಾಂಶವೂ ಬೇಕು. ಬೆಳೆದ ಹುಳುಗಳಿಗೆ 24–25 ಡಿಗ್ರಿಯೂ ಅದಕ್ಕಿಂತ ಕಡಿಮೆ ತೇವಾಂಶವೂ ಹಿತಕರ. ಎರಡು ಮೂರು ಡಿಗ್ರಿಗಳ ಏರುಪೇರು ಕೆಲವು ದಿನ ಮುಂದುವರಿದರೆ ಹುಳುಗಳು ಸೊರಗುತ್ತವೆ, ರೋಗ ತಗಲುತ್ತದೆ, ಗೂಡಿನ ತೂಕ ಇಳಿಯುತ್ತದೆ. ಇಂಥಲ್ಲಿ ಉಷ್ಣಮಾಪಕವು ತೋರಿಸುವ ಅಂಕಿ ಒಂದು ಸಂಸಾರದ ಅನ್ನದ ಪ್ರಶ್ನೆಯಾಗುತ್ತದೆ.

ಅಂಕಿಯನ್ನು ಓದುವವರು ಬಹಳ ಮಂದಿ. ಆ ಅಂಕಿ ನಿಜವೇ ಎಂದು ಪರೀಕ್ಷಿಸುವವರು ವಿರಳ. ದೂರದಲ್ಲಿರುವ ಉಪಕರಣವು ತನ್ನ ಅಳತೆಯನ್ನು ರೇಡಿಯೋ ಅಲೆಗಳ ಸಂಕೇತವಾಗಿ ಕಳುಹಿಸುವಾಗ ಈ ಪರೀಕ್ಷೆ ಇನ್ನಷ್ಟು ಕಠಿಣವಾಗುತ್ತದೆ. ಭಾರತದ ಹವಾಮಾನ ಉಪಕರಣಗಳು ಹೇಳುವ ಮಾತು ನಂಬಿಕೆಗೆ ಯೋಗ್ಯವಾಗಿರಬೇಕೆಂದು ಜೀವಮಾನವಿಡೀ ದುಡಿದ ವಿಜ್ಞಾನಿಗಳಲ್ಲಿ ಅನ್ನಾ ಮಣಿಯವರದು ಅಗ್ರಗಣ್ಯ ಹೆಸರು. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವಿಜ್ಞಾನದ ದೀಕ್ಷೆ ಪಡೆದು, ಪುಣೆಯಲ್ಲಿ ಸಾಧನೆಗೈದು, ನಿವೃತ್ತಿಯ ನಂತರ ಮತ್ತೆ ಬೆಂಗಳೂರಿಗೆ ಬಂದು ಕೆಲಸ ಮುಂದುವರಿಸಿದ ಅವರ ಬದುಕು ವಿದ್ಯಾರ್ಥಿಗಳಿಗೆ ಅನುಕರಣೀಯವಾದುದು.

ಜನನ ಮತ್ತು ಬಾಲ್ಯ

ಅನ್ನಾ ಮಣಿಯವರು 1918ರ ಆಗಸ್ಟ್ 23ರಂದು ಅಂದಿನ ತಿರುವಾಂಕೂರು ಸಂಸ್ಥಾನದ ಪೀರ್ಮೇಡಿನಲ್ಲಿ ಜನಿಸಿದರು. ತಂದೆ ಸಿವಿಲ್ ಇಂಜಿನಿಯರರು. ಏಲಕ್ಕಿ ತೋಟಗಳ ಒಡೆಯರು. ಎಂಟು ಮಕ್ಕಳ ಆ ಸಿರಿಯನ್ ಕ್ರೈಸ್ತ ಕುಟುಂಬದಲ್ಲಿ ಅನ್ನಾ ಏಳನೆಯವರು. ಗಂಡುಮಕ್ಕಳನ್ನು ದೊಡ್ಡ ಹುದ್ದೆಗಳಿಗೆ ಅಣಿಗೊಳಿಸುವುದು, ಹೆಣ್ಣುಮಕ್ಕಳನ್ನು ವಿವಾಹಕ್ಕೆ ಸಿದ್ಧಪಡಿಸುವುದು ಅಂದಿನ ಸ್ಥಿತಿವಂತರ ಮನೆಗಳ ವಾಡಿಕೆಯಾಗಿತ್ತು. ಈ ಬಾಲಕಿ ಆ ವಾಡಿಕೆಗೆ ಒಗ್ಗಲಿಲ್ಲ. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ಸಂಪ್ರದಾಯದಂತೆ ವಜ್ರದ ಓಲೆಗಳನ್ನು ಕೊಡಲು ಹಿರಿಯರು ಮುಂದಾದಾಗ ಅವರು ಅದನ್ನು ಬೇಡವೆಂದರು. ಅದರ ಬದಲಾಗಿ ಬ್ರಿಟಾನಿಕಾ ವಿಶ್ವಕೋಶವನ್ನು ಕೊಡಿಸಬೇಕೆಂದು ಕೇಳಿದರು. ಆ ವಯಸ್ಸಿಗಾಗಲೇ ಊರಿನ ಗ್ರಂಥಾಲಯದಲ್ಲಿದ್ದ ಮಲಯಾಳಂ ಪುಸ್ತಕಗಳನ್ನೆಲ್ಲ ಬಹುಮಟ್ಟಿಗೆ ಓದಿ ಮುಗಿಸಿದ್ದರು. ಹನ್ನೆರಡರ ಹೊತ್ತಿಗೆ ಇಂಗ್ಲಿಷ್ ಪುಸ್ತಕಗಳೂ ಮುಗಿದಿದ್ದವು.

ಅವರ ಬಾಲ್ಯದಲ್ಲಿ ತಿರುವಾಂಕೂರಿನಲ್ಲಿ ವೈಕಂ ಸತ್ಯಾಗ್ರಹ ನಡೆಯಿತು. ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಎಲ್ಲ ಜಾತಿಯವರಿಗೂ ನಡೆದಾಡುವ ಹಕ್ಕು ಬೇಕೆಂದು 1924ರಲ್ಲಿ ಆರಂಭವಾದ ಆ ಚಳವಳಿಯ ಸಂಬಂಧದಲ್ಲಿ 1925ರಲ್ಲಿ ಗಾಂಧೀಜಿಯವರು ಅಲ್ಲಿಗೆ ಬಂದರು. ಆ ದಿನಗಳ ಪ್ರಭಾವ ಎಳೆಯ ಮನಸ್ಸಿನಲ್ಲಿ ಆಳವಾಗಿ ನೆಟ್ಟಿತು. ಮುಂದೆ ಅವರು ಖಾದಿಯನ್ನು ತೊಟ್ಟರು, ಕೊನೆಯವರೆಗೂ ಬಿಡಲಿಲ್ಲ. ದೇಶಕ್ಕೆ ಬೇಕಾದುದನ್ನು ದೇಶದಲ್ಲಿಯೇ ತಯಾರಿಸಬೇಕೆಂಬ ಭಾವನೆ ಅವರಲ್ಲಿ ಉಡುಪಿಗೆ ಮಾತ್ರ ಸೀಮಿತವಾಗಿ ಉಳಿಯಲಿಲ್ಲವೆಂಬುದನ್ನು ಅವರ ಮುಂದಿನ ಜೀವನ ತೋರಿಸುತ್ತದೆ.

ಬೆಂಗಳೂರಿನ ಪ್ರಯೋಗಶಾಲೆಯಲ್ಲಿ

ಮದರಾಸಿನಲ್ಲಿ ವ್ಯಾಸಂಗ ಮಾಡಿ 1939ರಲ್ಲಿ ಭೌತಶಾಸ್ತ್ರದಲ್ಲಿ ಆನರ್ಸ್ ಪದವಿ ಪಡೆದ ಅನ್ನಾ ಮಣಿಯವರು ಮರುವರ್ಷ ವಿದ್ಯಾರ್ಥಿವೇತನ ಗಳಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ನೊಬೆಲ್ ಪ್ರಶಸ್ತಿ ವಿಜೇತ ಸರ್ ಸಿ. ವಿ. ರಾಮನ್ ಅವರು ಆಗ ಅಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. ಅವರ ಪ್ರಯೋಗಶಾಲೆಯಲ್ಲಿ ಮಹಿಳೆಯರಿಗೆ ಪ್ರವೇಶ ದೊರೆಯುವುದೇ ದುರ್ಲಭವಾಗಿದ್ದ ಕಾಲ ಅದು. ಪ್ರವೇಶ ದೊರೆತ ಮೇಲೂ ಗಂಡುಮಕ್ಕಳೊಡನೆ ಬೆರೆತು ಚರ್ಚಿಸುವ ಅವಕಾಶ ಇರಲಿಲ್ಲ. ಅನ್ನಾ ಮಣಿಯವರು ತಮಗೆ ಒಪ್ಪಿಸಿದ ಕೆಲಸದಲ್ಲಿ ಮುಳುಗಿದರು.

ವಜ್ರ ಮತ್ತು ಮಾಣಿಕ್ಯಗಳು ಬೆಳಕನ್ನು ಹೀರಿ ಮರಳಿ ಸೂಸುವ ಬಗೆಯನ್ನು ಅರಿಯುವುದು ಅವರ ಸಂಶೋಧನೆಯ ವಿಷಯ. ಬಾಲ್ಯದಲ್ಲಿ ವಜ್ರದ ಓಲೆಗಳನ್ನು ಒಲ್ಲೆನೆಂದವರು ಈಗ ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದರು. ವಜ್ರವು ಸೂಸುವ ಬೆಳಕು ಅತ್ಯಂತ ಕ್ಷೀಣ. ಅದನ್ನು ಛಾಯಾಫಲಕದ ಮೇಲೆ ಮೂಡಿಸಲು 15ರಿಂದ 20 ಗಂಟೆಗಳ ಕಾಲ ಎಡೆಬಿಡದೆ ಬೆಳಕಿಗೆ ಒಡ್ಡಬೇಕಾಗಿತ್ತು. ಹಲವು ರಾತ್ರಿಗಳನ್ನು ಅವರು ಪ್ರಯೋಗಶಾಲೆಯಲ್ಲಿಯೇ ಕಳೆದರು. ಕ್ಷೀಣವಾದ ಸಂಜ್ಞೆಯನ್ನು ತಾಳ್ಮೆಯಿಂದ ಹಿಡಿದು, ಅದರಲ್ಲಿ ವಸ್ತುವಿನ ಗುಣವಾವುದು, ಉಪಕರಣದ ದೋಷವಾವುದು ಎಂದು ಬೇರ್ಪಡಿಸುವ ಶಿಸ್ತು ಅವರಿಗೆ ಇಲ್ಲಿ ಕೈಗೂಡಿತು.

1942ರಿಂದ 1945ರವರೆಗೆ ಅವರು ತಾವೊಬ್ಬರೇ ಬರೆದ ಐದು ಸಂಶೋಧನ ಲೇಖನಗಳು ಪ್ರಕಟವಾದವು. 1945ರ ಆಗಸ್ಟ್‌ನಲ್ಲಿ ಡಾಕ್ಟರೇಟ್ ಪದವಿಗಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಮಹಾಪ್ರಬಂಧವನ್ನು ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣ ಮುಂದೊಡ್ಡಿ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರೇಟ್ ನೀಡಲಿಲ್ಲ. ಪ್ರಬಂಧದ ಗುಣದಲ್ಲಿ ಕೊರತೆ ಇರಲಿಲ್ಲ. ಕಾಗದದ ಮೇಲಿನ ಒಂದು ನಿಯಮ ಅಡ್ಡ ಬಂದಿತು. ಪದವಿ ದೊರೆಯದ ಆ ಪ್ರಬಂಧ ಸಂಪುಟವು ರಾಮನ್ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ಇತರ ಪ್ರಬಂಧಗಳ ಸಾಲಿನಲ್ಲಿಯೇ ಸ್ಥಾನ ಪಡೆಯಿತು. ಅನ್ನಾ ಮಣಿಯವರು ಈ ಬಗೆಗೆ ಕೊರಗುತ್ತ ಕೂಡಲಿಲ್ಲ. ಪದವಿಯ ಅಭಾವದಿಂದ ತಮ್ಮ ಬದುಕಿಗೆ ವಿಶೇಷ ಹಾನಿಯೇನೂ ಆಗಲಿಲ್ಲವೆಂಬುದು ಅವರ ನಿಲುವಾಗಿತ್ತು. ಆದರೆ ಅರ್ಹತೆಯನ್ನು ಅಳೆಯುವ ಅಳತೆಗೋಲೇ ಸರಿಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಉಪಕರಣಗಳ ಕಡೆಗೆ

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಸೈನಿಕರನ್ನು ಸಾಗಿಸುವ ಹಡಗಿನಲ್ಲಿ ಅವರು ಇಂಗ್ಲೆಂಡಿಗೆ ತೆರಳಿದರು. ಭೌತಶಾಸ್ತ್ರದಲ್ಲಿಯೇ ಸಂಶೋಧನೆ ಮುಂದುವರಿಸುವ ಬಯಕೆ ಅವರದು. ಆದರೆ ಆ ವೇತನಕ್ಕೆ ಲಭ್ಯವಿದ್ದ ವಿಷಯ ಹವಾಮಾನ ಉಪಕರಣಗಳ ತರಬೇತಿ ಮಾತ್ರ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು ಅದನ್ನೇ ಮನಸ್ಸಿಟ್ಟು ಕಲಿತರು. ಬಯಸಿದ ದಾರಿ ಮುಚ್ಚಿದಾಗ ದೊರೆತ ದಾರಿಯನ್ನೇ ಹೆದ್ದಾರಿಯಾಗಿಸಿದ ಶ್ರೇಯಸ್ಸು ಅವರದು.

1948ರಲ್ಲಿ ಸ್ವತಂತ್ರ ಭಾರತಕ್ಕೆ ಹಿಂದಿರುಗಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಉಪಕರಣ ವಿಭಾಗವನ್ನು ಸೇರಿದರು. ಎಸ್. ಪಿ. ವೆಂಕಟೇಶ್ವರನ್ ಅವರು ಆ ವಿಭಾಗದ ಮುಖ್ಯಸ್ಥರು. ಉಷ್ಣಮಾಪಕ, ವಾಯುಭಾರಮಾಪಕಗಳಂಥ ಸರಳ ಉಪಕರಣಗಳಿಗೂ ದೇಶ ಅಲ್ಲಿಯವರೆಗೆ ವಿದೇಶಗಳ ಮುಖ ನೋಡಬೇಕಾಗಿತ್ತು. ಅವನ್ನು ಇಲ್ಲಿಯೇ ತಯಾರಿಸುವ ಕಾರ್ಯಾಗಾರವನ್ನು ಕಟ್ಟುವ ಕೆಲಸದಲ್ಲಿ ಅನ್ನಾ ಮಣಿಯವರು ತೊಡಗಿದರು. 1953ರ ಹೊತ್ತಿಗೆ ಅವರೇ ಆ ವಿಭಾಗದ ಮುಖ್ಯಸ್ಥೆಯಾದರು. ಅವರ ಕೈಕೆಳಗೆ 121 ಮಂದಿ ಪುರುಷ ಸಿಬ್ಬಂದಿ ಕೆಲಸ ಮಾಡುತ್ತಿದ್ದರು. ಒಂದು ಪ್ರಯೋಗಶಾಲೆಯಲ್ಲಿ ಸಹಪಾಠಿಗಳೊಡನೆ ಚರ್ಚಿಸಲೂ ಅವಕಾಶವಿಲ್ಲದೆ ಇದ್ದ ಯುವತಿ ಹತ್ತು ವರ್ಷ ಕಳೆಯುವುದರೊಳಗೆ ಇಷ್ಟು ದೊಡ್ಡ ತಂಡದ ನಾಯಕತ್ವ ವಹಿಸಿದುದು ಸಾಮಾನ್ಯ ಸಂಗತಿಯಲ್ಲ.

ಬಲೂನು ಕಳುಹಿಸುವ ಸಂಕೇತ

ಹವಾಮಾನ ಇಲಾಖೆಯ ಉಪಕರಣಗಳಲ್ಲಿ ಅತ್ಯಂತ ಕುತೂಹಲಕರವಾದುದು ರೇಡಿಯೋಸಾಂಡ್. ನೆಲದ ಮೇಲಿನ ಉಷ್ಣತೆಯನ್ನು ಯಾರೂ ಅಳೆಯಬಹುದು. ಆದರೆ ಮೋಡಗಳು ಹುಟ್ಟುವುದು, ಬಿರುಗಾಳಿ ಬಲಗೊಳ್ಳುವುದು ಮೇಲಿನ ಆಕಾಶದಲ್ಲಿ. ಅಲ್ಲಿನ ಸ್ಥಿತಿ ತಿಳಿಯಲು ಜಲಜನಕ ತುಂಬಿದ ಬಲೂನಿಗೆ ಉಪಕರಣವನ್ನು ಕಟ್ಟಿ ಹಾರಿಸುವ ಪದ್ಧತಿ ಹಿಂದಿನಿಂದಲೂ ಇತ್ತು. ಬಲೂನು ಒಡೆದು ಬಿದ್ದ ಮೇಲೆ ಉಪಕರಣ ಯಾರ ಕೈಗಾದರೂ ಸಿಕ್ಕಿ ಮರಳಿ ಬಂದರೆ ಅದರಲ್ಲಿನ ದಾಖಲೆ ದೊರೆಯುತ್ತಿತ್ತು. ಕಾಡಿನಲ್ಲಿಯೋ ಕಡಲಿನಲ್ಲಿಯೋ ಬಿದ್ದರೆ ಎಲ್ಲವೂ ವ್ಯರ್ಥ. ಉಪಕರಣ ಮರಳದಿದ್ದರೂ ಅದರ ಅಳತೆ ಮರಳುವಂತೆ ಮಾಡಿದುದು ರೇಡಿಯೋ. ಫ್ರಾನ್ಸಿನ ರಾಬರ್ಟ್ ಬ್ಯೂರೋ 1929ರ ಜನವರಿಯಲ್ಲಿಯೂ ರಷ್ಯದ ಪಾವೆಲ್ ಮೊಲ್ಚಾನೊವ್ 1930ರ ಜನವರಿ 30ರಂದೂ ಇಂಥ ಉಪಕರಣಗಳನ್ನು ಹಾರಿಸಿ ಆಕಾಶದಿಂದ ಸಂಕೇತಗಳನ್ನು ಪಡೆದರು.

ರೇಡಿಯೋಸಾಂಡ್ ಒಮ್ಮೆ ಮೇಲೇರಿದರೆ ಸಾಮಾನ್ಯವಾಗಿ ಮರಳಿ ಸಿಗುವುದಿಲ್ಲ. ಆದುದರಿಂದ ಅದು ಹಗುರವಾಗಿರಬೇಕು, ಅಗ್ಗವಾಗಿರಬೇಕು. ಆದರೆ ಅಗ್ಗವೆಂದು ಅದರ ಅಳತೆ ತಪ್ಪಬಾರದು. ಈ ಎರಡು ಬೇಡಿಕೆಗಳನ್ನು ಒಂದುಗೂಡಿಸುವುದೇ ಉಪಕರಣ ತಯಾರಕನ ಮುಂದಿರುವ ಸವಾಲು.

ಭಾರತದಲ್ಲಿ ಎರಡು ಬಗೆಯ ರೇಡಿಯೋಸಾಂಡ್‌ಗಳು ರೂಪುಗೊಂಡು ಬಳಕೆಗೆ ಬಂದಿದ್ದವು. ಒಂದು ಗಡಿಯಾರದ ಯಂತ್ರದಿಂದ ನಡೆಯುವುದು. ಮತ್ತೊಂದು, ವೆಂಕಟೇಶ್ವರನ್ ಅವರ ಹೆಸರಿನೊಡನೆ ಸೇರಿಕೊಂಡಿರುವುದು. ಬಲೂನು ಮೇಲೇರುವ ರಭಸಕ್ಕೆ ತಾನೇ ತಿರುಗುವ ರೆಕ್ಕೆಯಿಂದ ಅದು ನಡೆಯುತ್ತಿತ್ತು. ಗಡಿಯಾರದ ಬಗೆಯ ತತ್ತ್ವವನ್ನು ಹೀಗೆ ತಿಳಿಯಬಹುದು. ಎರಡು ಬೇರೆ ಬೇರೆ ಲೋಹಗಳ ತೆಳುಪಟ್ಟಿಗಳನ್ನು ಬೆಸೆದರೆ ಬಿಸಿಗೆ ಒಂದು ಹೆಚ್ಚು, ಒಂದು ಕಡಿಮೆ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಬಾಗಿದ ಪಟ್ಟಿ ಒಂದು ಮುಳ್ಳನ್ನು ಸರಿಸುತ್ತದೆ. ತಿರುಗುವ ಭಾಗವು ಮೊದಲು ಒಂದು ಸ್ಥಿರ ಬಿಂದುವನ್ನು ಮುಟ್ಟಿದಾಗ ರೇಡಿಯೋ ಒಂದು ಸಂಜ್ಞೆ ಕೊಡುತ್ತದೆ. ಮುಳ್ಳನ್ನು ಮುಟ್ಟಿದಾಗ ಮತ್ತೊಂದು ಸಂಜ್ಞೆ ಕೊಡುತ್ತದೆ. ಎರಡು ಸಂಜ್ಞೆಗಳ ನಡುವಣ ಅಂತರದಲ್ಲಿಯೇ ಉಷ್ಣತೆ ಅಡಗಿರುತ್ತದೆ. ಅಂತರವನ್ನು ಅಳೆದು, ಆ ಉಪಕರಣಕ್ಕೆಂದೇ ಮೊದಲೇ ಸಿದ್ಧಪಡಿಸಿದ ಪಟ್ಟಿಯೊಡನೆ ಹೋಲಿಸಿದರೆ ಆಕಾಶದ ಅಂಕಿ ಕೈಗೆ ಬರುತ್ತದೆ. ಮುಂದೆ ಬಂದ ಮಾದರಿಗಳಲ್ಲಿ ಬಿಸಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಪುಟ್ಟ ಮಣಿಯೊಂದು ರೇಡಿಯೋ ಸಂಜ್ಞೆಯ ಸ್ವರವನ್ನು ಏರಿಳಿಸುವ ಕ್ರಮ ಬಳಕೆಗೆ ಬಂದಿತು. ಅಲ್ಲಿ ಸ್ವರವೇ ಉಷ್ಣತೆಯ ಸಂಕೇತ.

ಸಂಕೇತ ಬಿಡಿಸುವ ವಿದ್ಯೆಯ ಮರ್ಮ ಇಲ್ಲಿದೆ. ರೇಡಿಯೋ ಹೇಳುವುದು ಅಂತರವನ್ನು ಅಥವಾ ಸ್ವರವನ್ನು ಮಾತ್ರ. ಅದನ್ನು ಉಷ್ಣತೆಯಾಗಿ ಪರಿವರ್ತಿಸುವುದು ನೆಲದ ಮೇಲಿರುವ ಪಟ್ಟಿ. ಆ ಪಟ್ಟಿ ತಪ್ಪಿದರೆ ಎಷ್ಟೇ ಸ್ಪಷ್ಟವಾಗಿ ಕೇಳಿದ ಸಂಕೇತವೂ ಸುಳ್ಳು ಹೇಳುತ್ತದೆ. ಆದುದರಿಂದ ಹಾರಿಸುವ ಮುನ್ನ ಉಪಕರಣವನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು, ಉಷ್ಣತೆಯನ್ನು ಹಂತ ಹಂತವಾಗಿ ಬದಲಾಯಿಸುತ್ತ, ಪ್ರಮಾಣಭೂತ ಉಷ್ಣಮಾಪಕದೊಡನೆ ತಾಳೆ ನೋಡಬೇಕು. ದಕ್ಷಿಣ ಭಾರತದ ಮೇಲೆ 16–17 ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ 80 ಡಿಗ್ರಿಯಷ್ಟು ಕೆಳಗಿಳಿಯುವುದುಂಟು. ಅಲ್ಲಿ ಬಿಸಿಲು ನೇರವಾಗಿ ತಾಕಿದರೆ ಉಪಕರಣ ಗಾಳಿಯ ಉಷ್ಣತೆಯನ್ನು ಬಿಟ್ಟು ತನ್ನದೇ ಮೈಯ ಬಿಸಿಯನ್ನು ಹೇಳತೊಡಗುತ್ತದೆ. ಇಂಥ ದೋಷಗಳನ್ನು ಗುರುತಿಸಿ ಕಳೆಯದೆ ಹವಾಮಾನ ನಕ್ಷೆ ಬರೆಯುವುದು ಮರಳಿನ ಮೇಲೆ ಗೋಡೆ ಕಟ್ಟಿದಂತೆ.

ಪ್ರಮಾಣಬದ್ಧತೆಯ ವ್ರತ

ಅನ್ನಾ ಮಣಿಯವರ ಕಾರ್ಯಜೀವನದ ಸಾರವೆಲ್ಲ ಈ ಒಂದು ತತ್ತ್ವದಲ್ಲಿ ಅಡಗಿದೆ. ತಪ್ಪು ಅಳತೆಗಿಂತ ಅಳೆಯದಿರುವುದೇ ಲೇಸು ಎಂಬುದು ಅವರ ದೃಢ ನಂಬಿಕೆ. ಅಳತೆ ಇಲ್ಲದವನಿಗೆ ತಾನು ತಿಳಿಯೆನೆಂಬ ಎಚ್ಚರವಾದರೂ ಇರುತ್ತದೆ. ತಪ್ಪು ಅಳತೆಯನ್ನು ಹಿಡಿದವನು ತಿಳಿದೆನೆಂಬ ಭ್ರಮೆಯಲ್ಲಿ ಹೆಜ್ಜೆ ಇಡುತ್ತಾನೆ. ಸುಮಾರು ನೂರು ಬಗೆಯ ಹವಾಮಾನ ಉಪಕರಣಗಳಿಗೆ ಅವರು ಪ್ರಮಾಣಬದ್ಧ ನಕ್ಷೆಗಳನ್ನು ಸಿದ್ಧಪಡಿಸಿ ದೇಶದಲ್ಲಿಯೇ ಅವುಗಳ ತಯಾರಿಕೆಯನ್ನು ಆರಂಭಿಸಿದರು. ನಕ್ಷೆ ಪ್ರಮಾಣಬದ್ಧವಾದರೆ ದೇಶದ ಯಾವ ಮೂಲೆಯಲ್ಲಿನ ಮಳೆಮಾಪಕವೂ ಒಂದೇ ಬಗೆಯಾಗಿರುತ್ತದೆ. ಒಂದು ಊರಿನ ಅಂಕಿಯನ್ನು ಮತ್ತೊಂದು ಊರಿನ ಅಂಕಿಯೊಡನೆ ಹೋಲಿಸುವುದು ಸಾಧ್ಯವಾಗುತ್ತದೆ. ಸಂತೆಯಲ್ಲಿ ಪ್ರತಿಯೊಬ್ಬ ವ್ಯಾಪಾರಿಯೂ ತನ್ನದೇ ಸೇರು ಪಾವುಗಳನ್ನು ಇಟ್ಟುಕೊಂಡರೆ ಉಂಟಾಗುವ ಗೊಂದಲವನ್ನು ನೆನೆದರೆ ಈ ಕೆಲಸದ ಬೆಲೆ ಅರಿವಾಗುತ್ತದೆ.

ಈ ದುಡಿಮೆಯಲ್ಲಿ ಆಡಂಬರವಿಲ್ಲ. ಹೊಸ ನಕ್ಷತ್ರವನ್ನು ಕಂಡವರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಉಷ್ಣಮಾಪಕದ ಅರ್ಧ ಡಿಗ್ರಿ ದೋಷವನ್ನು ತಿದ್ದಿದವರ ಹೆಸರು ಬರುವುದಿಲ್ಲ. ಆದರೆ ಹವಾಮಾನದ ಮುನ್ಸೂಚನೆ ನೀಡುವವರು, ವಿಮಾನ ನಡೆಸುವವರು, ಅಣೆಕಟ್ಟಿನ ಬಾಗಿಲು ತೆರೆಯುವವರು, ಇವರೆಲ್ಲರ ನಿರ್ಧಾರಗಳ ಕೆಳಗೆ ಇಂಥ ತಿದ್ದುಪಡಿಗಳ ತಳಪಾಯವಿದೆ.

ಬಿಸಿಲು, ಓಜೋನ್ ಮತ್ತು ರಾಕೆಟ್ಟು

1957–58ರಲ್ಲಿ ಜಗತ್ತಿನ ವಿಜ್ಞಾನಿಗಳು ಅಂತರರಾಷ್ಟ್ರೀಯ ಭೂಭೌತ ವರ್ಷವನ್ನು ಆಚರಿಸಿದರು. ಭೂಮಿಯನ್ನೂ ವಾಯುಮಂಡಲವನ್ನೂ ಎಲ್ಲ ದೇಶಗಳೂ ಏಕಕಾಲದಲ್ಲಿ ಅಳೆಯುವ ಆ ಮಹಾಪ್ರಯತ್ನದಲ್ಲಿ ಅನ್ನಾ ಮಣಿಯವರು ಭಾರತದಲ್ಲಿ ಸೌರವಿಕಿರಣ ಮಾಪನ ಕೇಂದ್ರಗಳ ಜಾಲವನ್ನು ಸ್ಥಾಪಿಸಿದರು. ಬಿಸಿಲಿಗೆ ಬರವಿಲ್ಲದ ದೇಶದಲ್ಲಿ ಬಿಸಿಲಿನ ಅಳತೆ ಮಾತ್ರ ಅಲ್ಲಿಯವರೆಗೆ ಸಮರ್ಪಕವಾಗಿ ಇರಲಿಲ್ಲ. ಮೊದಲು ವಿದೇಶದ ಉಪಕರಣಗಳನ್ನು ಬಳಸಿದರೂ ಬಹುಬೇಗ ಅವನ್ನು ಇಲ್ಲಿಯೇ ತಯಾರಿಸುವ ವ್ಯವಸ್ಥೆ ಮಾಡಿದರು.

ಅನಂತರ ಅವರ ಗಮನ ಓಜೋನಿನ ಕಡೆಗೆ ಹರಿಯಿತು. ಸೂರ್ಯನ ಅತಿನೇರಳೆ ಕಿರಣಗಳಿಂದ ಜೀವಿಗಳನ್ನು ಕಾಪಾಡುವ ಈ ಅನಿಲವನ್ನು ಆಕಾಶದ ವಿವಿಧ ಎತ್ತರಗಳಲ್ಲಿ ಅಳೆದು ರೇಡಿಯೋ ಮೂಲಕ ತಿಳಿಸುವ ಓಜೋನ್‌ಸಾಂಡ್ ಉಪಕರಣವನ್ನು 1960ರ ದಶಕದಲ್ಲಿ ಅವರ ನೇತೃತ್ವದಲ್ಲಿ ಭಾರತದಲ್ಲಿಯೇ ರೂಪಿಸಲಾಯಿತು. ಓಜೋನ್ ಪದರದ ಕ್ಷೀಣತೆ ಜಗತ್ತಿನ ಚಿಂತೆಯಾಗುವುದಕ್ಕೆ ಬಹಳ ಮೊದಲೇ ನಡೆದ ಕೆಲಸವಿದು. ಅಂತರರಾಷ್ಟ್ರೀಯ ಓಜೋನ್ ಆಯೋಗದ ಸದಸ್ಯತ್ವವೂ ಅವರಿಗೆ ಲಭಿಸಿತು.

1963ರಲ್ಲಿ ತಿರುವನಂತಪುರದ ಬಳಿಯ ತುಂಬಾದಲ್ಲಿ ರಾಕೆಟ್ ಉಡಾವಣೆ ಕೇಂದ್ರ ಆರಂಭವಾಯಿತು. ವಿಕ್ರಮ್ ಸಾರಾಭಾಯಿ ಅವರ ಕೋರಿಕೆಯಂತೆ ಅಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣ ಗೋಪುರವನ್ನೂ ಅನ್ನಾ ಮಣಿಯವರು ಸ್ಥಾಪಿಸಿದರು. ಹಾರುವ ರಾಕೆಟ್ಟು ಗಾಳಿಗೆ ಓಲುವುದರಿಂದ, ನೆಲದಿಂದ ಮೇಲೆ ಹೋದಂತೆ ಗಾಳಿ ಹೇಗೆ ಬದಲಾಗುವುದೆಂಬುದನ್ನು ಅರಿಯದೆ ಉಡಾವಣೆ ಸಾಧ್ಯವಿಲ್ಲ. ಭಾರತದ ಬಾಹ್ಯಾಕಾಶ ಯಾತ್ರೆಯ ಮೊದಲ ಮೆಟ್ಟಿಲಿನಲ್ಲಿ ಈ ಮಹಿಳೆಯ ಸೇವೆಯೂ ಸೇರಿದೆ.

ಮತ್ತೆ ಬೆಂಗಳೂರಿಗೆ

ಹವಾಮಾನ ಇಲಾಖೆಯ ಉಪಮಹಾನಿರ್ದೇಶಕ ಹುದ್ದೆಯವರೆಗೆ ಏರಿ 1976ರಲ್ಲಿ ನಿವೃತ್ತರಾದ ಅನ್ನಾ ಮಣಿಯವರು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದರು. ಮೂರು ದಶಕಗಳ ಹಿಂದೆ ಸಲ್ಲಿಸಿದ ಪ್ರಬಂಧಕ್ಕೆ ಪದವಿ ದೊರೆಯದಿದ್ದವರು ಅದೇ ಊರಿಗೆ ಪ್ರಾಧ್ಯಾಪಕರ ಗೌರವದೊಡನೆ ಮರಳಿದರು. ಇಷ್ಟು ವರ್ಷ ಸಂಗ್ರಹಿಸಿದ ಬಿಸಿಲಿನ ಅಂಕಿಗಳನ್ನು ಪರಿಷ್ಕರಿಸಿ 1980 ಮತ್ತು 1981ರಲ್ಲಿ ಎರಡು ಬೃಹತ್ ಗ್ರಂಥಗಳಾಗಿ ಹೊರತಂದರು. ಸೌರಶಕ್ತಿಯ ಸಾಧನಗಳನ್ನು ರೂಪಿಸುವ ಇಂಜಿನಿಯರರಿಗೆ ಅವು ಆಧಾರಗ್ರಂಥಗಳಾದವು. ಬಳಿಕ ದೇಶದ ಯಾವ ಯಾವ ಸ್ಥಳಗಳಲ್ಲಿ ಗಾಳಿಯಿಂದ ವಿದ್ಯುತ್ತನ್ನು ಉತ್ಪಾದಿಸಬಹುದೆಂಬುದರ ಸಮೀಕ್ಷೆಯನ್ನು ಕೈಗೊಂಡು ಪವನಶಕ್ತಿಯ ಅಂಕಿಗಳನ್ನೂ ಪ್ರಕಟಿಸಿದರು. ಮುಂದೆ ಬೆಟ್ಟಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳ ಹಿಂದೆ ಗಾಳಿಯನ್ನು ಇಂತು ಮೊದಲೇ ಅಳೆದವರ ಶ್ರಮವಿದೆ.

ಅವರು ಅಲ್ಲಿಗೂ ನಿಲ್ಲಲಿಲ್ಲ. ಗಾಳಿಯ ವೇಗವನ್ನೂ ಸೌರಶಕ್ತಿಯನ್ನೂ ಅಳೆಯುವ ಉಪಕರಣಗಳನ್ನು ತಯಾರಿಸುವ ಚಿಕ್ಕ ಕಾರ್ಯಾಗಾರವೊಂದನ್ನು ಬೆಂಗಳೂರಿನಲ್ಲಿ ನಡೆಸಿದರು. ನಿವೃತ್ತಿಯೆಂದರೆ ವಿಶ್ರಾಂತಿ ಎಂದು ಭಾವಿಸುವವರ ನಡುವೆ ಅವರ ರೀತಿ ಬೇರೆಯಾಗಿತ್ತು. ಅವಿವಾಹಿತರಾಗಿಯೇ ಉಳಿದ ಅವರಿಗೆ ಬೆಟ್ಟಗುಡ್ಡಗಳ ತಿರುಗಾಟ, ಹಕ್ಕಿಗಳ ವೀಕ್ಷಣೆ, ಪುಸ್ತಕಗಳ ಓದು ಇವೇ ವಿನೋದಗಳು. ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಅವರಿಗೆ 1987ರಲ್ಲಿ ಕೆ. ಆರ್. ರಾಮನಾಥನ್ ಪದಕವನ್ನಿತ್ತು ಗೌರವಿಸಿತು. 1994ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಅನ್ನಾ ಮಣಿಯವರು 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನರಾದರು. 2018ರಲ್ಲಿ ಅವರ ಜನ್ಮಶತಾಬ್ದಿಯಂದು ವಿಶ್ವ ಹವಾಮಾನ ಸಂಸ್ಥೆಯು ಅವರನ್ನು ಗೌರವದಿಂದ ಸ್ಮರಿಸಿತು.

ಹುಳುಮನೆಯ ಗೋಡೆಯ ಮೇಲೆ

ಅನ್ನಾ ಮಣಿಯವರು ದುಡಿದ ಕಾಲದಲ್ಲಿ ನಿಸ್ತಂತು ಉಷ್ಣಮಾಪಕವೆಂದರೆ ಸರ್ಕಾರದ ಇಲಾಖೆಗಳಿಗೆ ಮಾತ್ರ ಎಟುಕುವ ವಸ್ತು. ಇಂದು ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಎರಡು ಸಣ್ಣ ಬ್ಯಾಟರಿಗಳೊಡನೆ, ಅದು ಅಂಗಡಿಯಲ್ಲಿ ದೊರೆಯುತ್ತದೆ. ಇಂಥ ಸಂವೇದಕವನ್ನು ಹುಳುಮನೆಯಲ್ಲಿ ತೂಗುಹಾಕಿ ಪಡಸಾಲೆಯಲ್ಲಿ ಕುಳಿತು ಉಷ್ಣತೆ, ತೇವಾಂಶಗಳನ್ನು ಓದಬಹುದು. ಇದರ ಪೂರ್ವಜ ಆ ಬಲೂನಿನ ರೇಡಿಯೋಸಾಂಡೇ.

ಇದರ ಭಾಷೆಯೂ ಸರಳ. ಈ ಬಗೆಯ ಬಹುಪಾಲು ಅಗ್ಗದ ಸಂವೇದಕಗಳು 433 ಮೆಗಾಹರ್ಟ್ಸ್ ಆಸುಪಾಸಿನ ಆವರ್ತನದಲ್ಲಿ ಸುಮಾರು ನಿಮಿಷಕ್ಕೊಮ್ಮೆ ಅಲೆಗಳ ತುಣುಕುಗಳನ್ನು ಬಿಡುತ್ತವೆ. ಎರಡು ತುಣುಕುಗಳ ನಡುವೆ ಬಿಡುವು ಚಿಕ್ಕದಾದರೆ ಸೊನ್ನೆ, ದೊಡ್ಡದಾದರೆ ಒಂದು ಎಂಬುದು ಅನೇಕ ಮಾದರಿಗಳ ಕ್ರಮ. ಹೀಗೆ ಬರುವ ಮೂವತ್ತಾರು ನಲವತ್ತು ಸೊನ್ನೆ ಒಂದುಗಳ ಸಾಲಿನಲ್ಲಿ ಮೊದಲು ಸಂವೇದಕದ ಗುರುತಿನ ಸಂಖ್ಯೆ, ಅನಂತರ ಬ್ಯಾಟರಿಯ ಸ್ಥಿತಿ, ಉಷ್ಣತೆ, ತೇವಾಂಶಗಳು ಇರುತ್ತವೆ. ಉಷ್ಣತೆಯ ಭಾಗ 000100000111 ಎಂದಿದ್ದರೆ, ಬಲದಿಂದ ಎಡಕ್ಕೆ 1, 2, 4, 8 ಎಂದು ಇಮ್ಮಡಿಯಾಗುತ್ತ ಹೋಗುವ ಬೆಲೆಗಳಲ್ಲಿ ಒಂದು ಇರುವ ಸ್ಥಾನಗಳನ್ನು ಮಾತ್ರ ಕೂಡಬೇಕು: 1, 2, 4 ಮತ್ತು 256 ಸೇರಿ 263 ಆಗುತ್ತದೆ. ಹತ್ತರಿಂದ ಭಾಗಿಸಿದರೆ 26.3 ಡಿಗ್ರಿ. ಟೆಲಿವಿಷನ್ ಗ್ರಹಣಕ್ಕೆಂದು ತಯಾರಾದ ಒಂದು ಪುಟ್ಟ ಸಾಧನವನ್ನು ಗಣಕಕ್ಕೆ ಜೋಡಿಸಿ ಹೈಸ್ಕೂಲಿನ ವಿದ್ಯಾರ್ಥಿಯೂ ಈ ಸಂಕೇತಗಳನ್ನು ಹಿಡಿದು ಬಿಡಿಸಬಹುದು.

ಹಲವು ಮಾದರಿಗಳಲ್ಲಿ ಸಾಲಿನ ಕೊನೆಗೆ ತಪಾಸಣೆಯ ಸಂಖ್ಯೆಯೊಂದು ಇರುತ್ತದೆ. ಹಿಂದಿನ ಭಾಗಗಳನ್ನು ನಿಯಮದಂತೆ ಲೆಕ್ಕ ಹಾಕಿದಾಗ ಅದೇ ಸಂಖ್ಯೆ ಬಂದರೆ ದಾರಿಯಲ್ಲಿ ಸಂಕೇತ ಕೆಟ್ಟಿಲ್ಲವೆಂದು ನಂಬಬಹುದು. ಇಲ್ಲಿಯೇ ಎಚ್ಚರ ಬೇಕಾಗಿರುವುದು. ಕಳುಹಿಸಿದ ಮಾತು ಕಳುಹಿಸಿದಂತೆಯೇ ಬಂದು ಮುಟ್ಟಿದೆ ಎಂಬುದನ್ನಷ್ಟೇ ತಪಾಸಣೆಯ ಸಂಖ್ಯೆ ಹೇಳುತ್ತದೆ. ಆಡಿದ ಮಾತು ಸತ್ಯವೇ ಎಂಬುದನ್ನು ಅದು ಹೇಳಲಾರದು. ಸಂವೇದಕವನ್ನು ಬಿಸಿಲು ಕಾದ ತಗಡಿನ ಮಾಡಿನ ಕೆಳಗೆ ಕಟ್ಟಿದ್ದರೆ ಅದು ಮಾಡಿನ ಬಿಸಿಯನ್ನು ಹೇಳುತ್ತದೆ. ಹುಳುಗಳು ಮಲಗಿರುವ ತಟ್ಟೆಯ ಮಟ್ಟದ ಉಷ್ಣತೆಯನ್ನು ಹೇಳುವುದಿಲ್ಲ. ಸಂವೇದಕವೇ ಎರಡು ಡಿಗ್ರಿ ಕಡಿಮೆ ತೋರುವಂತಿದ್ದರೆ, ಒಳಗೆ 28.3 ಇರುವಾಗಲೂ ಪಡಸಾಲೆಯ ಫಲಕ 26.3 ಎಂದೇ ಹೇಳುತ್ತದೆ. ಸಂಕೇತ ಶುದ್ಧ, ತಪಾಸಣೆ ಶುದ್ಧ, ಅಂಕಿ ಮಾತ್ರ ತಪ್ಪು. ಬೆಳೆದ ಹುಳುಗಳು ಹಣ್ಣಾಗಿ ಚಂದ್ರಿಕೆಗೆ ಏರುವ ದಿನಗಳಲ್ಲಿ ಈ ತಪ್ಪಿನ ಬೆಲೆಯನ್ನು ತೆರುವವನು ರೈತ.

ಪರಿಹಾರ ಕಷ್ಟವಾದುದಲ್ಲ. ಒಂದು ಒಳ್ಳೆಯ ಪಾದರಸದ ಉಷ್ಣಮಾಪಕವನ್ನು ಸಂವೇದಕದ ಪಕ್ಕದಲ್ಲಿಯೇ, ಬಿಸಿಲು ತಾಗದ ಕಡೆ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಇಟ್ಟು ಎರಡನ್ನೂ ಓದಿ ಬರೆದುಕೊಂಡರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಕರಗುತ್ತಿರುವ ಪುಡಿಮಂಜುಗಡ್ಡೆಯಲ್ಲಿ ಉಷ್ಣಮಾಪಕದ ಬುರುಡೆಯನ್ನು ಇಟ್ಟರೆ ಅದು ಸೊನ್ನೆಯನ್ನು ತೋರಬೇಕು. ತೋರದಿದ್ದರೆ ಅದರ ದೋಷವೂ ತಿಳಿಯುತ್ತದೆ. ಪುಣೆಯ ಕಾರ್ಯಾಗಾರದಲ್ಲಿ ಅನ್ನಾ ಮಣಿಯವರು ಸಾವಿರಾರು ಉಪಕರಣಗಳಿಗೆ ವಿಧಿಸಿದ ಶಿಸ್ತಿನ ಚಿಕ್ಕ ರೂಪ ಇದು. ಶಾಲೆಯ ಪ್ರಯೋಗಶಾಲೆಯಲ್ಲಿ ಯಾವ ವಿದ್ಯಾರ್ಥಿಯೂ ಇದನ್ನು ಮಾಡಬಹುದು.

ರಾಜ್ಯದ ಮಟ್ಟದಲ್ಲಿಯೂ ಇದೇ ತತ್ತ್ವ ಅನ್ವಯಿಸುತ್ತದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿ ಸುದ್ದಿ ಕಳುಹಿಸುವ ಮಳೆಮಾಪಕಗಳನ್ನೂ ಹೋಬಳಿಗಳ ಮಟ್ಟದಲ್ಲಿ ಉಷ್ಣತೆ, ತೇವಾಂಶ, ಗಾಳಿಗಳನ್ನು ಅಳೆಯುವ ಕೇಂದ್ರಗಳನ್ನೂ ಸ್ಥಾಪಿಸಿದೆ. ಮಂಡ್ಯದ ಬಸರಾಳು, ಮದ್ದೂರಿನ ಕೊಪ್ಪ, ಮಳವಳ್ಳಿಯ ಹಲಗೂರುಗಳಂಥ ಹೋಬಳಿಗಳ ಮಳೆ ಲೆಕ್ಕ ಹೀಗೆ ನಿಸ್ತಂತು ಮಾರ್ಗವಾಗಿ ಬೆಂಗಳೂರನ್ನು ತಲುಪುತ್ತದೆ. ಮಳೆಮಾಪಕದ ಬಾಯಿಗೆ ಒಣಗಿದ ಎಲೆಯೊಂದು ಅಡ್ಡ ಬಿದ್ದರೂ ಸಂಕೇತ ತಪ್ಪದೆ ಹೋಗುತ್ತದೆ. ಮಳೆಯ ಅಂಕಿ ಮಾತ್ರ ಸೊನ್ನೆಯಾಗುತ್ತದೆ. ಉಪಕರಣವನ್ನು ಕಾಯುವ ಕಣ್ಣು, ಅದನ್ನು ಒರೆಹಚ್ಚುವ ಮನಸ್ಸು ಇಲ್ಲದಿದ್ದರೆ ಯಾವ ಯಂತ್ರಜಾಲವೂ ರೈತನಿಗೆ ಆಸರೆಯಾಗಲಾರದು.

ಪದವಿ ದೊರೆಯದಿದ್ದರೂ ಎದೆಗುಂದದೆ, ಬಯಸಿದ ವಿಷಯ ದೊರೆಯದಿದ್ದರೂ ಬೇಸರಿಸದೆ, ಪ್ರಸಿದ್ಧಿ ಬಾರದ ಕೆಲಸವನ್ನು ನಿಷ್ಠೆಯಿಂದ ನೆರವೇರಿಸಿದ ಮಹಾನುಭಾವೆ ಅನ್ನಾ ಮಣಿ. ಕಣ್ಣಿಗೆ ಕಾಣುವ ಅಂಕಿಯನ್ನು ಕುರುಡಾಗಿ ಒಪ್ಪದೆ, ಕುರುಡಾಗಿ ಅಲ್ಲಗಳೆಯದೆ, ಪ್ರಮಾಣದೊಡನೆ ತಾಳೆ ನೋಡಿ ಸ್ವೀಕರಿಸುವ ಗುಣವನ್ನು ಅವರು ತಮ್ಮ ಬಾಳಿನಿಂದ ಕಲಿಸಿದ್ದಾರೆ. ಈ ಗುಣ ವಿಜ್ಞಾನದ ವಿದ್ಯಾರ್ಥಿಗೆ ಮಾತ್ರವಲ್ಲ, ತಕ್ಕಡಿ ಹಿಡಿಯುವ ವರ್ತಕನಿಗೂ, ಅಂಕ ನೀಡುವ ಉಪಾಧ್ಯಾಯನಿಗೂ, ತೀರ್ಪು ಹೇಳುವ ನ್ಯಾಯಾಧೀಶನಿಗೂ ಬೇಕಾದುದು. ಉಷ್ಣಮಾಪಕವನ್ನು ಕೈಗೆತ್ತಿಕೊಳ್ಳುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲು ಅದರ ಸೊನ್ನೆಯನ್ನು ಪರೀಕ್ಷಿಸಿ ನೋಡಿದರೆ, ಅದೇ ಈ ಸಾಧಕಿಗೆ ಸಲ್ಲುವ ನಿಜವಾದ ಗೌರವ.